ದುರ್ಗದ ಚಿತ್ರಗಳಿಗೆ ನಾನು ಬೆಲೆ ಕಟ್ಟಿದ ಬಗೆ

ದಾವಣಗೆರೆಯಲ್ಲಿ ಚಿತ್ರಕಲೆ ಕಲಿತು ಹೊರಬಂದ ಮೊದಲ ವರ್ಷಗಳಲ್ಲಿ, ಬೆಲೆ ಕೇಳಿದವರಿಗೆಲ್ಲ “ನೀವೇ ನೋಡಿ ಕೊಡಿ” ಎನ್ನುತ್ತಿದ್ದೆ. ಅದನ್ನು ವಿನಯವೆಂದುಕೊಂಡಿದ್ದೆ. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯ ಕೆರೆಯ ಒಂದೇ ಅಳತೆಯ ಎರಡು ಜಲವರ್ಣ ಚಿತ್ರಗಳನ್ನು ಪರಿಚಯದ ಇಬ್ಬರು ಒಯ್ದರು. ಒಬ್ಬರು 1,500 ರೂಪಾಯಿ ಕೊಟ್ಟರು, ಇನ್ನೊಬ್ಬರು 3,000. ಅವರಿಬ್ಬರೂ ಒಂದು ಗೃಹಪ್ರವೇಶದಲ್ಲಿ ಕಲೆತು ಮಾತಿಗೆ ಮಾತು ಬಂದಾಗ, ಹೆಚ್ಚು ಕೊಟ್ಟವರಿಗೆ ಮೋಸಹೋದೆನೆಂದು ನೋವಾಯಿತು. ಆ ನೋವು ನ್ಯಾಯವಾದದ್ದೇ ಆಗಿತ್ತು.

ಆ ವಾರವೇ ಬೆಲೆಯನ್ನು ಅಳತೆಗೆ ಕಟ್ಟಿದೆ. ನಾನು ಬಳಸುವ 22×30 ಅಂಗುಲದ ಹಾಳೆಯನ್ನು ನಾಲ್ಕು ಮಾಡಿದರೆ 11×15 ಅಂಗುಲದ ತುಂಡು, ಅಂದರೆ 165 ಚದರ ಅಂಗುಲ ಸಿಗುತ್ತದೆ. ಚದರ ಅಂಗುಲಕ್ಕೆ 20 ರೂಪಾಯಿಯಂತೆ 3,300. ಚೌಕಟ್ಟಿನ ಖರ್ಚು ಬೇರೆ. ನೆಂಟರಾಗಲಿ ಅಪರಿಚಿತರಾಗಲಿ, ಇದೇ ಲೆಕ್ಕ.

ಈ ಲೆಕ್ಕಕ್ಕೆ ನಿಜವಾದ ಪರೀಕ್ಷೆ ಎದುರಾದದ್ದು ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ, ಚಿತ್ರಕಲಾ ಪರಿಷತ್ತು ಜನವರಿಯ ಒಂದು ಭಾನುವಾರ ನಡೆಸುವ ಚಿತ್ರಸಂತೆಯಲ್ಲಿ. ಗಾಜು ಹಾಕಿಸಿದ ಚಿತ್ರಗಳನ್ನು ರಾತ್ರಿ ಬಸ್ಸಿನಲ್ಲಿ ಒಯ್ದಿದ್ದೆ. ಮೂರರ ಗಾಜು ದಾರಿಯಲ್ಲೇ ಒಡೆದಿತ್ತು. (ಈಗ ಮೌಂಟ್ ಮಾಡಿ, ಅಂದರೆ ಚಿತ್ರದ ಸುತ್ತ ರಟ್ಟಿನ ಅಂಚು ಕೂಡಿಸಿ, ಹಿಂದೆ ದಪ್ಪ ರಟ್ಟು ಕೊಟ್ಟು, ಪಾರದರ್ಶಕ ಹಾಳೆಯಲ್ಲಿ ಸುತ್ತಿ ಒಯ್ಯುತ್ತೇನೆ, ಚೌಕಟ್ಟನ್ನು ಕೊಂಡವರು ತಮ್ಮ ಗೋಡೆಗೆ ಒಪ್ಪುವಂತೆ ಹಾಕಿಸಿಕೊಳ್ಳುತ್ತಾರೆ.) ಮಧ್ಯಾಹ್ನ ಹಿರಿಯರೊಬ್ಬರು ಅಕ್ಕ-ತಂಗಿ ಹೊಂಡದ ಚಿತ್ರದ ಮುಂದೆ ನಿಂತು, “ಇದು ನಮ್ಮ ದುರ್ಗದ್ದಲ್ವೇನಮ್ಮ?” ಎಂದರು. ಬಂಡೆಯ ಅಂಚಿನ ಮೇಲೆ, ಹಾಳೆಗೆ ತಾಗದಂತೆ, ಬೆರಳಾಡಿಸುತ್ತಾ ಬಾಲ್ಯದಲ್ಲಿ ಕೂರುತ್ತಿದ್ದ ಜಾಗವನ್ನು ತೋರಿಸಿದರು. “ಮೂರು ಸಾವಿರ ಮಾಡ್ಕೊಳ್ಳಮ್ಮ” ಎಂದು ಕೇಳಿದಾಗ ನನಗೆ ಇಲ್ಲವೆನ್ನುವುದು ಕಷ್ಟವಾಯಿತು. ಆದರೂ ಬೆಳಗ್ಗೆ ಅದೇ ಅಳತೆಯ ಚಿತ್ರವನ್ನು ಪೂರ್ತಿ ಬೆಲೆಗೆ ಒಯ್ದವರಿದ್ದಾರೆಂದೂ, ಅವರಿಗೆ ಅನ್ಯಾಯ ಮಾಡಲಾರೆನೆಂದೂ ಹೇಳಿದೆ. ಅವರು ಹೊರಟುಹೋದರು, ಸಂಜೆ ಅಂಗಡಿ ಕಟ್ಟುವ ಹೊತ್ತಿಗೆ ಹೆಂಡತಿಯನ್ನು ಕರೆತಂದು, ಅದನ್ನೇ 3,300ಕ್ಕೆ ಕೊಂಡರು. ಕೊಡುವ ಮೊದಲು, ಯಾವ ಜಾಗದಲ್ಲಿ, ಯಾವ ತಿಂಗಳು, ಎಷ್ಟು ಹೊತ್ತಿಗೆ ಕೂತು ಬರೆದದ್ದೆಂದು ಅವರ ಕೋರಿಕೆಯಂತೆ ಹಿಂಬದಿಯಲ್ಲಿ ಬರೆದುಕೊಟ್ಟೆ. ಅಂದಿನಿಂದ ಪ್ರತಿ ಚಿತ್ರದ ಹಿಂದೆಯೂ ಅಂಥ ಚೀಟಿಯಿರುತ್ತದೆ.

ಕಾಗದಪತ್ರದ ವಿಷಯದಲ್ಲಿಯೂ ನಾನು ಪೆಟ್ಟು ತಿಂದೇ ಕಲಿತೆ. ಕೊಂಡವರೊಬ್ಬರು ನನ್ನ ಚಿತ್ರವನ್ನು ಕ್ಯಾಲೆಂಡರಿಗೆ ಅಚ್ಚು ಹಾಕಿಸಿದ್ದರು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಬರೆದಿಟ್ಟ ಚಿತ್ರವನ್ನು ಮಾರಿದ ಮಾತ್ರಕ್ಕೆ ಅದನ್ನು ಅಚ್ಚು ಹಾಕಿಸುವ ಹಕ್ಕು ಕೊಂಡವರಿಗೆ ಹೋಗುವುದಿಲ್ಲ. ಆದರೆ ಹಣ ಕೊಟ್ಟು ಹೇಳಿ ಬರೆಸಿದ ಚಿತ್ರದಲ್ಲಿ, ಬೇರೆ ಒಪ್ಪಂದವಿಲ್ಲದಿದ್ದರೆ, ಆ ಹಕ್ಕು ಬರೆಸಿದವರದೇ. ಆದ್ದರಿಂದ ಆರ್ಡರ್ ಬಂದಾಗ ಅರ್ಧ ಹಣ ಮುಂಗಡ ಪಡೆದು, ಅಚ್ಚಿನ ಹಕ್ಕು ಯಾರದೆಂದು ಎರಡು ಸಾಲಿನ ಪತ್ರ ಮಾಡಿಸಿಕೊಳ್ಳುತ್ತೇನೆ.

ಕೊಂಡವರ ಹೆಸರು, ಊರು, ಒಯ್ದ ಚಿತ್ರ ಇವಿಷ್ಟೂ ಒಂದು ನೋಟ್‌ಬುಕ್ಕಿನಲ್ಲಿವೆ. ಹೊಸ ಚಿತ್ರ ಮುಗಿದಾಗ ನೆರಳಿನ ಬೆಳಕಿನಲ್ಲಿ ಫೋಟೋ ತೆಗೆದು, ಅಳತೆ ಮತ್ತು ಬೆಲೆ ಬರೆದು, ಆ ಜಾಗದ ನಂಟಿರುವವರಿಗೆ ಮಾತ್ರ ವಾಟ್ಸಾಪಿನಲ್ಲಿ ಕಳಿಸುತ್ತೇನೆ. ಕಳೆದ ತಿಂಗಳು ಆ ಹಿರಿಯರೇ ಫೋನ್ ಮಾಡಿ, ಮಗಳ ಮನೆಗೆ ಹಿಡಿಂಬೇಶ್ವರ ಗುಡಿಯ ಮುಂದಿನ ಉಯ್ಯಾಲೆ ಕಂಬ ಬೇಕೆಂದರು. ಬೆಲೆ ಕೇಳಲಿಲ್ಲ; ಅರ್ಧ ಹಾಳೆಯೋ ಕಾಲು ಹಾಳೆಯೋ ಎಂದಷ್ಟೇ ಕೇಳಿದರು.