ಟೇಬಲ್ ಮೇಲಲ್ಲ, ಕೈಯಲ್ಲೇ ಸರಿಯಾದ ವಾಚು: ನನ್ನ ಅನುಭವ

ನಲವತ್ತು ದಿನದಿಂದ ನನ್ನ ವಾಚಿನ ಟೈಮ್ ತಿದ್ದಿಲ್ಲ. ಇವತ್ತು ಬೆಳಿಗ್ಗೆ ಫೋನಿನ ಜೊತೆ ಹೋಲಿಸಿದರೆ 25 ಸೆಕೆಂಡ್ ಆಸುಪಾಸು ಮುಂದಿದೆ, ಅಷ್ಟೇ. ದಿನಕ್ಕೆ ಒಂದು ಸೆಕೆಂಡೂ ಇಲ್ಲ. ಒಳಗಿರುವ ಮೂವ್‌ಮೆಂಟ್, ಅಂದರೆ ಸ್ಪ್ರಿಂಗಿನಿಂದ ಓಡುವ ಯಂತ್ರ, ಎನ್‌ಎಚ್35. ದಿನಕ್ಕೆ 20 ಸೆಕೆಂಡ್ ಹಿಂದೆ ಬಿದ್ದರೂ, 40 ಸೆಕೆಂಡ್ ಮುಂದೆ ಓಡಿದರೂ ಸರಿ ಎಂದು ತಯಾರಿಸಿದವರೇ ಹೇಳಿರುವ ಮೂವ್‌ಮೆಂಟ್ ಅದು.

ಮೊದಲು ತೋರಿಸಿದ್ದು ವಾಚ್ ರಿಪೇರಿ ಮಾಡುವ ಒಬ್ಬರಿಗೆ. "ಸರ್, ಇದು ದಿನಕ್ಕೆ ಹತ್ತು ಸೆಕೆಂಡಿಗೆ ಬಂದರೆ ಖುಷಿಪಡಿ. ಅದಕ್ಕಿಂತ ಜಾಸ್ತಿ ಕೇಳಬೇಡಿ" ಅಂದರು. ವಾಚಿನ ಹುಚ್ಚಿರುವ ಗೆಳೆಯ ಇನ್ನೂ ನೇರ: "ಬಿಡೋ, ಸುಮ್ನೆ ಒಳ್ಳೆ ಮೂವ್‌ಮೆಂಟ್ ಇರೋದು ತಗೋ." ಇಬ್ಬರೂ ತಿಳಿದವರೇ. ಆದರೆ ಆರು ತಿಂಗಳು ಬಿಡದೆ ಹಿಂದೆ ಬಿದ್ದೆ. ಈಗ ಗೆಳೆಯ ತನ್ನ ವಾಚನ್ನೂ ನನ್ನ ಕೈಗೆ ಕೊಟ್ಟಿದ್ದಾನೆ.

ಮೊದಲ ತಪ್ಪು ಆಯಸ್ಕಾಂತದ್ದು. ಒಂದು ಬೆಳಿಗ್ಗೆ ವಾಚು ಇದ್ದಕ್ಕಿದ್ದಂತೆ ದಿನಕ್ಕೆ 70 ಸೆಕೆಂಡ್ ಮುಂದೆ ಓಡತೊಡಗಿತು. ರಾತ್ರಿ ಇಟ್ಟಿದ್ದು ಸ್ಪೀಕರ್ ಪಕ್ಕ. ಆಗ ಅದು ಹೊಳೆಯಲೇ ಇಲ್ಲ. ಮುಚ್ಚಳ ತೆಗೆದು ರೆಗ್ಯುಲೇಟರನ್ನು (ವೇಗ ತಿದ್ದುವ ಪುಟ್ಟ ಕಡ್ಡಿ) ಮೈನಸ್ ಕಡೆ ತಳ್ಳಿದೆ. ದಿನಕ್ಕೆ +5 ಸೆಕೆಂಡಿಗೆ ಬಂತು, ಒಂದು ವಾರ ಹಿಗ್ಗಿದೆ. ಆಮೇಲೆ ದಿಕ್ಸೂಚಿ ಹತ್ತಿರ ತಂದಾಗ ಮುಳ್ಳು ತಿರುಗಿತು. ಡಿಮ್ಯಾಗ್ನೆಟೈಸರ್ ತಂದು ಕಾಂತ ತೆಗೆದೆ, ವಾಚು 60 ಸೆಕೆಂಡ್ ಹಿಂದೆ ಬಿತ್ತು! ಕಾಂತ ಹತ್ತಿ ಹೇರ್‌ಸ್ಪ್ರಿಂಗಿನ (ಬ್ಯಾಲೆನ್ಸ್ ಚಕ್ರವನ್ನು ಆಚೀಚೆ ತೂಗಿಸುವ ತೆಳು ಸ್ಪ್ರಿಂಗು) ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಾಗ ಸ್ಪ್ರಿಂಗು ಗಿಡ್ಡವಾದಂತೆ ಆಗುತ್ತದೆ, ಅದಕ್ಕೇ ಆ ಓಟ. ಈಗ ಯಾವ ವಾಚು ಬಂದರೂ ಮೊದಲು ಕಾಂತ ತೆಗೆದ ಮೇಲೆಯೇ ಉಳಿದ ಮಾತು. ಆ ಸಾಧನಕ್ಕೆ ಆಗುವ ಖರ್ಚು ಒಂದು ಸಾಧಾರಣ ಬೆಲ್ಟಿನಷ್ಟು.

ಎರಡನೆಯದು, ತಪ್ಪು ಕಡ್ಡಿ ಮುಟ್ಟಿದ್ದು. ಬ್ಯಾಲೆನ್ಸ್ ಮೇಲೆ ಎರಡು ಕಡ್ಡಿ ಇರುತ್ತವಲ್ವಾ, ಒಂದು ವೇಗದ್ದು, ನಾನು ಸರಿಸಿದ್ದು ಬೀಟ್ ಎರರ್‌ನದ್ದು (ಟಿಕ್ ಮತ್ತು ಟಾಕ್ ನಡುವಿನ ಅಸಮತೆ). 0.3 ಮಿಲಿಸೆಕೆಂಡ್ ಇದ್ದದ್ದು 4ರ ಹತ್ತಿರ ಹೋಯಿತು. ಅರ್ಧ ಮಿಲಿಸೆಕೆಂಡಿನ ಒಳಗೆ ವಾಪಸ್ ತರಲು ಎರಡು ಸಂಜೆ ಬೇಕಾಯಿತು.

ಮೂರನೆಯದು ಹಣ ತಿಂದಿತು. ಸ್ಟೀಲ್ ಸ್ಕ್ರೂಡ್ರೈವರ್ ಜಾರಿ ಹೇರ್‌ಸ್ಪ್ರಿಂಗಿಗೆ ತಗುಲಿತು. ಸುತ್ತುಗಳು ಒಂದು ಕಡೆ ವಾಲಿದವು. ನೆಟ್ಟಗೆ ಮಾಡಲು ಹೋಗಿ ಪೂರ್ತಿ ಕೆಡಿಸಿದೆ. ಹೊಸ ಮೂವ್‌ಮೆಂಟಿಗೆ ವಾಚಿನ ಬೆಲೆಯ ಮೂರನೇ ಒಂದು ಪಾಲು, ಡಯಲ್ ಮತ್ತು ಮುಳ್ಳು ಕೂರಿಸಿದ ಕೂಲಿ ಹೆಚ್ಚುಕಡಿಮೆ ಅಷ್ಟೇ. ಮುಚ್ಚಳ ತೆಗೆಯುವ ಮೂರು ಕಾಲಿನ ಓಪನರ್, ಲೂಪ್ (ಕಣ್ಣಿಗಿಡುವ ಭೂತಗನ್ನಡಿ) ಎಲ್ಲ ಸೇರಿಸಿದರೆ ಇನ್ನೊಂದು ವಾಚೇ ಬರುತ್ತಿತ್ತು. ಅಲ್ಲಿಂದಾಚೆಗೆ ಚೂಪು ಮಾಡಿದ ಮರದ ಹಲ್ಲುಕಡ್ಡಿಯಿಂದ ಮಾತ್ರ ಮುಟ್ಟುತ್ತೇನೆ.

ದಾರಿ ಸಿಕ್ಕಿದ್ದು ಒಂದು ನೋಟ್‌ಬುಕ್ಕಿನಿಂದ. ಎಲ್ಲರೂ ದಿನಕ್ಕೊಂದು ಸಲ ಟೈಮ್ ಬರೆದಿಡುತ್ತಾರೆ. ನಾನು ಎರಡು ಸಲ ಬರೆದೆ: ಕಟ್ಟುವಾಗ ಒಂದು, ಬಿಚ್ಚಿಡುವಾಗ ಒಂದು. ಹದಿನಾಲ್ಕು ಗಂಟೆ ಕೈಯಲ್ಲಿ ಏನಾಯಿತು, ಹತ್ತು ಗಂಟೆ ಮೇಜಿನ ಮೇಲೆ ಏನಾಯಿತು ಎಂದು ಬೇರೆಬೇರೆ ಗೊತ್ತಾಗಬೇಕು. ರಾತ್ರಿ ಇಡುವ ರೀತಿಯನ್ನು ನಾಲ್ಕು ದಿನಕ್ಕೊಮ್ಮೆ ಬದಲಾಯಿಸಿದೆ. ಡಯಲ್ ಮೇಲೆ, ಡಯಲ್ ಕೆಳಗೆ, ಕೀ (ಪಕ್ಕದಲ್ಲಿ ತಿರುಗಿಸುವ ಗುಂಡಿ) ಮೇಲೆ, ಕೀ ಕೆಳಗೆ. ಹದಿನಾರು ದಿನದಲ್ಲಿ ವಾಚಿನ ಸ್ವಭಾವ ಪೂರ್ತಿ ಸಿಕ್ಕಿತು. ನನ್ನದು ಡಯಲ್ ಮೇಲಿದ್ದರೆ ಓಡುತ್ತದೆ, ಕೀ ಮೇಲೆ ಮಾಡಿ ನಿಲ್ಲಿಸಿದರೆ ಹಿಂದೆ ಬೀಳುತ್ತದೆ.

ಇಲ್ಲೇ ನಾನು ಬೇರೆಯವರಿಗಿಂತ ಬೇರೆ ಮಾಡಿದ್ದು. ಟೇಬಲ್ ಮೇಲಿಟ್ಟು, ಟಿಕ್ ಸದ್ದು ಕೇಳಿ ವೇಗ ಅಳೆಯುವ ಆ್ಯಪಿನಲ್ಲಿ ಸೊನ್ನೆ ಬರುವ ತನಕ ತಿದ್ದಲಿಲ್ಲ. ಕೈಯಲ್ಲಿದ್ದಾಗ ಬೇಕೆಂದೇ ಸ್ವಲ್ಪ ಮುಂದೆ ಓಡುವ ಹಾಗೆ ಬಿಟ್ಟೆ. ಹಗಲು ಮೂರೂವರೆ ಸೆಕೆಂಡ್ ಏರುತ್ತದೆ, ರಾತ್ರಿ ಕೀ ಮೇಲೆ ಮಾಡಿ ನಿಲ್ಲಿಸಿದರೆ ಮೂರು ಇಳಿಯುತ್ತದೆ. ಒಂದೆರಡು ದಿನ ಜಾಸ್ತಿ ಏರಿದರೆ ಮರುರಾತ್ರಿ ಬೇಗ ಬಿಚ್ಚಿಟ್ಟರೆ ಆಯಿತು. ದಿನಕ್ಕೆ 5 ಸೆಕೆಂಡ್ ಅಂದರೆ 86,400ರಲ್ಲಿ ಐದು. ಕಡ್ಡಿಯನ್ನು ಕಣ್ಣಿಗೆ ಕಾಣುವಷ್ಟು ಸರಿಸಿದರೆ ಅದನ್ನು ದಾಟಿಹೋಗುತ್ತದೆ. ಆ ಕೊನೆಯ ಕೂದಲೆಳೆಯಷ್ಟನ್ನು ಸರಿಸಲು ನನ್ನದೇ ಒಂದು ಕ್ರಮ ಇದೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಇನ್ನೊಂದು ವಿಷಯವನ್ನು ಬಹಳ ದಿನ ಗಮನಿಸಿರಲಿಲ್ಲ. ನನ್ನದು ಕೂತು ಮಾಡುವ ಕೆಲಸ. ಕೈ ಆಡಿದಂತೆ ತಾನೇ ಕೀ ತುಂಬಿಕೊಳ್ಳುವ ಆಟೋಮ್ಯಾಟಿಕ್ ಆದರೂ ಅರ್ಧವೇ ತುಂಬುತ್ತಿತ್ತು. ಆ್ಯಪಿನಲ್ಲಿ ಲಿಫ್ಟ್ ಆ್ಯಂಗಲ್ (ಈ ಮೂವ್‌ಮೆಂಟಿಗೆಂದು ಆ್ಯಪಿಗೆ ಕೊಡಬೇಕಾದ ಕೋನ) 53 ಕೊಟ್ಟು ನೋಡಿದರೆ ಸಂಜೆ ಆ್ಯಂಪ್ಲಿಟ್ಯೂಡ್, ಅಂದರೆ ಬ್ಯಾಲೆನ್ಸ್ ಚಕ್ರ ತೂಗುವ ಕೋನ, 210 ಡಿಗ್ರಿ ಆಸುಪಾಸು. ಬೆಳಿಗ್ಗೆ ಇಪ್ಪತ್ತು ಸುತ್ತು ಕೀ ಕೊಡಲು ಶುರುಮಾಡಿದೆ, 260-270ಕ್ಕೆ ಏರಿತು. ಲೆಕ್ಕ ದಿನದಿಂದ ದಿನಕ್ಕೆ ಹಾರುವುದು ಆಗ ನಿಂತಿತು. ಇದಾಗದೆ ನೋಟ್‌ಬುಕ್ ಬರೆದು ಪ್ರಯೋಜನವಿಲ್ಲ.

ಮಧ್ಯದಲ್ಲಿ ಬಲಗೈಗೂ ಕಟ್ಟಿ ನೋಡಿದೆ. ಎಡಗೈಯಲ್ಲಿ ತೋಳು ಇಳಿಬಿಟ್ಟರೆ ಕೀ ನೆಲದ ಕಡೆ ಇರುತ್ತದೆ, ಬಲಗೈಯಲ್ಲಿ ಮೊಣಕೈ ಕಡೆ. ಕೀ ಮೇಲಿದ್ದಾಗ ನಿಧಾನವಾಗುವ ವಾಚು ಬಲಗೈಯಲ್ಲೂ ನಿಧಾನವಾಗಬೇಕಲ್ವಾ? ಆಯಿತು! ಐದು ದಿನದ ಸರಾಸರಿ ಎರಡು ಸೆಕೆಂಡ್ ಕಡಿಮೆ. ಆ ವಾರ ಆದ ಸಂತೋಷ ಇಷ್ಟಿಷ್ಟಲ್ಲ. ಆದರೆ ಬರೆಯುವ ಕೈಗೆ ವಾಚು ಅಡ್ಡ ಬರುತ್ತದೆ, ಎಡಗೈಗೇ ಮರಳಿದೆ. ವಾಚನ್ನು ತಿರುಗಿಸಿ ಕೀ ತುಂಬಿಡುವ ವೈಂಡರ್ ಕೂಡ ಕೊಂಡಿದ್ದೆ. ಅದು ವಾಚನ್ನು ಎಲ್ಲ ದಿಕ್ಕಿಗೂ ತಿರುಗಿಸುತ್ತಲೇ ಇರುವುದರಿಂದ ರಾತ್ರಿಯ ಲೆಕ್ಕ ಕೈಗೆ ಸಿಗುವುದಿಲ್ಲ. ಮಾರಿಬಿಟ್ಟೆ, ಕೊಟ್ಟ ಹಣದ ಅರ್ಧ ಬಂತು.

ಗೆಳೆಯನ ವಾಚಿನ ಮೂವ್‌ಮೆಂಟ್ ಇಟಿಎ 2824-2, ಗಂಟೆಗೆ 28,800 ಬಡಿತ. ಅದರಲ್ಲಿ ಡಯಲ್ ಮೇಲೆ, ಕೀ ಮೇಲೆ ಎಂಬ ವ್ಯತ್ಯಾಸವೇ ಎರಡು ಸೆಕೆಂಡ್. ರಾತ್ರಿಯ ಉಪಾಯಕ್ಕೆ ಅಲ್ಲಿ ಜಾಗ ಕಡಿಮೆ, ಕೈಯ ಲೆಕ್ಕ ನೋಡಿ ರೆಗ್ಯುಲೇಟರನ್ನೇ ತಿದ್ದಬೇಕು. ಸದ್ಯ +3ಕ್ಕೆ ತಂದಿದ್ದೇನೆ, ನೋಟ್‌ಬುಕ್ ಇನ್ನೂ ನಡೀತಿದೆ.

ಮುಚ್ಚಳ ಪ್ರತಿ ಸಲ ತೆಗೆದಾಗಲೂ ನೀರು ತಡೆಯುವ ರಬ್ಬರ್ ಗ್ಯಾಸ್ಕೆಟ್‌ಗೆ ಸಿಲಿಕೋನ್ ಗ್ರೀಸ್ ಸವರಿ, ಎಳೆದಾಡದೆ ಕೂರಿಸಿ. ನಾನು ನಾಲ್ಕು ಸಲ ತೆಗೆದಿದ್ದೇನೆ. ಪ್ರೆಶರ್ ಟೆಸ್ಟ್ ಮಾಡಿಸುವ ತನಕ ಈ ವಾಚು ನೀರಿಗೆ ಇಳಿಯುವುದಿಲ್ಲ.