ನಿವೃತ್ತ ಎಂಜಿನಿಯರ್ ತಂದೆಯ ಸ್ಮರಣ ಪುಸ್ತಿಕೆ: ದಾಖಲೆ ಹುಡುಕುವುದರಿಂದ ಅಚ್ಚಿನವರೆಗೆ

ವೈಕುಂಠ ಸಮಾರಾಧನೆಯ ಹೊತ್ತಿಗೇ ಪುಸ್ತಕ ಕೈಯಲ್ಲಿರಬೇಕು ಎಂದು ಹೊರಡಬೇಡಿ. ಅಷ್ಟರಲ್ಲಿ ಆಗುವುದು ಒಂದು ಫೋಟೊ, ಹುಟ್ಟಿದ ಊರು, ಓದಿದ ಕಾಲೇಜು, ದುಡಿದ ಸ್ಥಳಗಳ ಪಟ್ಟಿ ಇರುವ ನಾಲ್ಕು ಪುಟದ ಮಡಿಕೆ ಮಾತ್ರ. ಪುಸ್ತಿಕೆಯನ್ನು ವರ್ಷಾಂತಿಕಕ್ಕೆ ಇಟ್ಟುಕೊಳ್ಳಿ. ಆದರೆ ಅವರ ಜೊತೆ ಕೆಲಸ ಮಾಡಿದವರನ್ನು ಮಾತಾಡಿಸುವುದು ಮೊದಲ ತಿಂಗಳಲ್ಲೇ ಆಗಲಿ. ಅವರಿಗೂ ವಯಸ್ಸಾಗಿದೆ, ಮುಂದೂಡಿದರೆ ಕೆಲವರು ಸಿಗುವುದಿಲ್ಲ.

ಬರೆಯಲು ಕೂರುವ ಮುಂಚೆ ಒಂದು ಉದ್ದ ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: ಇಸವಿ, ಕೆಲಸ, ಮನೆ. ಇಡೀ ಪುಸ್ತಿಕೆ ನಿಲ್ಲುವುದು ಇದರ ಮೇಲೆ. ಸಾಮಾನ್ಯವಾಗಿ ಮನೆಯವರು ನೌಕರಿಯ ಕಥೆಯನ್ನು ಒಂದು ಅಧ್ಯಾಯದಲ್ಲಿ, ಅಪ್ಪನ ಕಥೆಯನ್ನು ಇನ್ನೊಂದರಲ್ಲಿ ಬರೆಯುತ್ತಾರೆ. ಆಗ ಒಂದು ಬಡ್ತಿಯ ಪಟ್ಟಿಯಾಗುತ್ತದೆ, ಇನ್ನೊಂದು ಬರೀ ಹೊಗಳಿಕೆ. ಎರಡನ್ನೂ ಒಂದೇ ಸಾಲಿನಲ್ಲಿ ಇಟ್ಟಾಗ ವಿಷಯ ತಾನಾಗಿ ತೆರೆದುಕೊಳ್ಳುತ್ತದೆ. ಮಗಳು ಹುಟ್ಟಿದ ವಾರ ಅವರೇಕೆ ಊರಲ್ಲಿರಲಿಲ್ಲ? ಪಕ್ಕದ ಕಾಲಂನಲ್ಲಿ ಜಲಾಶಯ ತುಂಬಿ ಗೇಟು ತೆರೆದ ದಿನಾಂಕ ಇರಬಹುದು. ಆ ರಾತ್ರಿ ಮನೆಗೆ ಬರಲಿಲ್ಲವೇಕೆ? ಕಾಂಕ್ರೀಟ್ ಹಾಕಲು ಶುರು ಮಾಡಿದ ಮೇಲೆ ಮಧ್ಯೆ ನಿಲ್ಲಿಸಿದರೆ ಹಳೆಯ ಪದರಕ್ಕೆ ಹೊಸದು ಸರಿಯಾಗಿ ಬೆಸೆಯದು, ಆ ಜಾಗದಲ್ಲೇ ನೀರು ಜಿನುಗುತ್ತದೆ. ಅದಕ್ಕೇ ಆ ಭಾಗ ಮುಗಿಯುವ ತನಕ ಸೈಟಿನಲ್ಲಿ ಎಂಜಿನಿಯರ್ ಇರಬೇಕು.

ಕೆಲಸದ ಕಾಲಂ ತುಂಬಲು ಸೇವಾ ಪುಸ್ತಕದ ಪ್ರತಿ, ಬಡ್ತಿ ಮತ್ತು ವರ್ಗಾವಣೆ ಆದೇಶಗಳು, ಚಾರ್ಜ್ ವಹಿಸಿಕೊಂಡ ಪತ್ರಗಳನ್ನು ಹುಡುಕಿ. ಎಲ್ಲರೂ ಎಡವುವುದು ಇಲ್ಲೇ: ಆದೇಶದ ದಿನಾಂಕವನ್ನೇ ಊರು ಬದಲಾದ ದಿನಾಂಕ ಎಂದು ಬರೆದುಬಿಡುತ್ತಾರೆ. ಆದೇಶಕ್ಕೂ ಹಾಜರಾದದ್ದಕ್ಕೂ ತಿಂಗಳುಗಳ ಅಂತರ ಇರಬಹುದು, ಆದೇಶವೇ ರದ್ದಾಗಿರಲೂಬಹುದು. ಚಾರ್ಜ್ ಪತ್ರದ ದಿನಾಂಕವನ್ನೇ ನಂಬಿ. ಕಾಗದ ಕಳೆದಿದ್ದರೆ ಮಕ್ಕಳ ಶಾಲೆಯ ಟಿಸಿ ತೆಗೆದು ನೋಡಿ. ಯಾವ ಊರು ಯಾವಾಗ ಬಿಟ್ಟಿರಿ ಎಂಬುದು ಅದರಲ್ಲಿದೆ. ಅಪ್ಪ ಜೂನ್‌ನಲ್ಲಿ ಹೋಗಿ, ಮಕ್ಕಳ ಟಿಸಿ ಮುಂದಿನ ಏಪ್ರಿಲ್‌ನದಾಗಿದ್ದರೆ, ಪರೀಕ್ಷೆ ಕೆಡಬಾರದೆಂದು ಅವರು ಹತ್ತು ತಿಂಗಳು ಒಬ್ಬರೇ ಕ್ವಾರ್ಟರ್ಸ್‌ನಲ್ಲಿ ಬೇಯಿಸಿಕೊಂಡಿದ್ದರೇ ಎಂದು ಅಮ್ಮನನ್ನು ಕೇಳಿ. ಹೌದಾದರೆ ‘ಮಕ್ಕಳೆಂದರೆ ಪ್ರಾಣ’ ಎಂದು ಪ್ರತ್ಯೇಕ ಬರೆಯಬೇಕಿಲ್ಲ.

ಇಲಾಖೆಯ ಹೆಸರು ಆಯಾ ಕಾಲದ್ದೇ ಇರಲಿ. ಉದಾಹರಣೆಗೆ, ನಾವು ಕೆಇಬಿ ಎನ್ನುವುದು 1957ರಲ್ಲಿ ಶುರುವಾದಾಗ ಮೈಸೂರು ರಾಜ್ಯದ ವಿದ್ಯುತ್ ಮಂಡಳಿ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರ ನವೆಂಬರ್ 1ರಂದು. ಉತ್ಪಾದನೆಗೆ 1970ರಲ್ಲಿ ಬೇರೆ ನಿಗಮ ಬಂತು, 1999ರಲ್ಲಿ ಮಂಡಳಿ ಕೆಪಿಟಿಸಿಎಲ್ (ವಿದ್ಯುತ್ ಪ್ರಸರಣ ನಿಗಮ) ಆಯಿತು, ವಿದ್ಯುತ್ ಹಂಚುವ ಬೆಸ್ಕಾಂನಂಥ ಕಂಪನಿಗಳು 2002ರವು. 1965ರಲ್ಲಿ ಕೆಲಸಕ್ಕೆ ಸೇರಿದವರನ್ನು ‘ಕೆಪಿಟಿಸಿಎಲ್‌ಗೆ ಸೇರಿದರು’ ಎಂದು ಬರೆದರೆ ಅವರ ಸಹೋದ್ಯೋಗಿಗಳು ಅಲ್ಲೇ ಓದು ನಿಲ್ಲಿಸುತ್ತಾರೆ.

ಅಂಕಿಗಳಲ್ಲೂ ಹಾಗೆಯೇ. ಶರಾವತಿ ವಿದ್ಯುದಾಗಾರದಲ್ಲಿದ್ದವರ ಡೈರಿಯಲ್ಲಿ 891 ಮೆಗಾವಾಟ್ ಎಂದಿದ್ದು, ಈಗಿನ ಮಾಹಿತಿಯಲ್ಲಿ 1,035 ಕಂಡರೆ ಡೈರಿಯನ್ನು ತಿದ್ದಬೇಡಿ. ಮೊದಲು ಹತ್ತು ಯಂತ್ರಗಳು ತಲಾ 89.1 ಮೆಗಾವಾಟ್ ಇದ್ದವು, ಆಮೇಲೆ ಅವನ್ನು 103.5ಕ್ಕೆ ಏರಿಸಲಾಯಿತು. ಹಳೆಯ ನಕ್ಷೆಗಳು ಅಡಿಯಲ್ಲಿರುತ್ತವೆ. ಶರಾವತಿಯ ಲಿಂಗನಮಕ್ಕಿ ಜಲಾಶಯದ ಗರಿಷ್ಠ ಮಟ್ಟವನ್ನು ಇಂದಿಗೂ 1,819 ಅಡಿ ಎಂದೇ ಹೇಳುತ್ತಾರೆ. ಮೀಟರಿಗೆ ಬದಲಿಸುವ ಗೋಜಿಗೆ ಹೋಗಬೇಡಿ.

‘ಅಣೆಕಟ್ಟು ಕಟ್ಟಿದರು’ ಎಂಬ ಮಾತು ಬೇಡ. ಯಾವ ಉಪವಿಭಾಗ, ಯಾವ ಹುದ್ದೆ, ಯಾವ ಭಾಗ ಎಂದು ಬರೆಯಿರಿ. ಮುಳುಗಡೆ ಜಮೀನಿನ ಸರ್ವೆಗೆ ಹೋಗಿದ್ದು, ಆ ಮನೆಗಳ ಬಗ್ಗೆ ಅವರು ಮಾತಾಡಿದ್ದರೆ ಅದನ್ನೂ ಸೇರಿಸಿ. ಬಿಟ್ಟರೆ ಅವರ ಜೀವನದ ಒಂದು ಭಾರವಾದ ಭಾಗ ಕೈಬಿಟ್ಟಂತೆ.

ಸಹೋದ್ಯೋಗಿಗಳನ್ನು ‘ಅವರು ಹೇಗಿದ್ದರು ಸಾರ್?’ ಎಂದು ಕೇಳಿದರೆ ‘ತುಂಬಾ ಒಳ್ಳೆಯವರು’ ಎಂಬ ಉತ್ತರ ಬರುತ್ತದೆ, ಅಷ್ಟೇ. ‘ಕಾಂಕ್ರೀಟಿನ ಗಟ್ಟಿತನ ನೋಡುವ 28 ದಿನದ ಕ್ಯೂಬ್ ಪರೀಕ್ಷೆ ಫೇಲಾದಾಗ ಏನು ಮಾಡುತ್ತಿದ್ದರು? ಕಂಟ್ರಾಕ್ಟರ್ ಬಿಲ್ಲಿಗೆ ಸಹಿ ಹಾಕದೆ ತಡೆದದ್ದುಂಟಾ?’ ಎಂದು ಕೇಳಿ. ಒಪ್ಪಿಗೆ ಪಡೆದು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಹಳೆಯ ಫೋಟೊ ಒಂದೆರಡು ಒಯ್ಯಿರಿ, ಮುಖ ನೋಡಿದರೆ ಹೆಸರು ನೆನಪಾಗುತ್ತದೆ. ಗುಮಾಸ್ತರು, ಜೀಪ್ ಡ್ರೈವರ್, ವರ್ಕ್ ಇನ್‌ಸ್ಪೆಕ್ಟರ್ ಇವರನ್ನು ಮರೆಯಬೇಡಿ. ಚೀಫ್ ಎಂಜಿನಿಯರ್ ಕಾಣದ್ದನ್ನು ಡ್ರೈವರ್ ಕಂಡಿರುತ್ತಾರೆ.

ಮನೆಯ ಕಾಲಂಗೆ ಇನ್‌ಲ್ಯಾಂಡ್ ಪತ್ರಗಳಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ತಾರೀಕು ಹಾಕದಿದ್ದರೆ ಅಂಚೆ ಮುದ್ರೆ ನೋಡಿ. ಮಡಿಸುವ ಅಂಚಿನಲ್ಲಿ ಮಗನಿಗೆ ಬೀಜಗಣಿತದ ಲೆಕ್ಕ ಬಿಡಿಸಿ ಕಳಿಸಿದ್ದರೆ ಅದನ್ನು ಟೈಪ್ ಮಾಡಿಸಬೇಡಿ, ಕೈಬರಹವನ್ನೇ ಸ್ಕ್ಯಾನ್ ಮಾಡಿ ಇಡೀ ಪುಟಕ್ಕೆ ಹಾಕಿ. ಪತ್ರಗಳಿಗೆ ಲ್ಯಾಮಿನೇಷನ್ ಬೇಡವೇ ಬೇಡ: ಅಂಟಿದ ಪ್ಲಾಸ್ಟಿಕ್ಕನ್ನು ಕಾಗದ ಹರಿಯದೆ ಬಿಡಿಸಲಾಗದು.

ಚಿಕ್ಕ ಕಪ್ಪು ಬಿಳುಪು ಫೋಟೊಗಳನ್ನು 600 ಡಿಪಿಐನಲ್ಲಿ, ಪೋಸ್ಟ್‌ಕಾರ್ಡ್ ಅಳತೆಯವನ್ನು 300ರಲ್ಲಿ ಸ್ಕ್ಯಾನ್ ಮಾಡಿ. ಅಂಟು ಪುಟದ ಆಲ್ಬಮ್ಮಿನಿಂದ ಕೀಳುವ ಮುನ್ನ ಪುಟದ ಸಮೇತ ಒಮ್ಮೆ ಸ್ಕ್ಯಾನ್ ಆಗಲಿ. ಹಿಂದೆ ಹೆಸರು ಬರೆಯಲು ಮೆತ್ತನೆಯ ಪೆನ್ಸಿಲ್ ಬಳಸಿ. ಬಾಲ್‌ಪೆನ್ನಿನ ಗೀರು ಮುಂದಕ್ಕೆ ಉಬ್ಬುತ್ತದೆ.

ಅಚ್ಚಿಗೆ ಎ5 ಅಳತೆ, ನಡುವೆ ಪಿನ್ ಹೊಡೆದ 32 ಪುಟ ಸಾಕು. ಪುಟಗಳು ನಾಲ್ಕರಿಂದ ಭಾಗವಾಗಬೇಕು, ಇಲ್ಲದಿದ್ದರೆ ಕೊನೆಗೆ ಖಾಲಿ ಪುಟ ಉಳಿಯುತ್ತದೆ. 70 ಜಿಎಸ್‌ಎಂ (ಕಾಗದದ ತೂಕದ ಅಳತೆ) ಕಾಗದದಲ್ಲಿ ಹಿಂಬದಿಯ ಫೋಟೊ ಕಾಣುತ್ತದೆ, 100 ಕೇಳಿ. ರಕ್ಷಾಪುಟಕ್ಕೆ 300ರ ಆರ್ಟ್ ಕಾರ್ಡ್. ನೀವು ಯೂನಿಕೋಡ್‌ನಲ್ಲಿ ಬರೆದು, ಪ್ರೆಸ್ಸಿನವರು ಹಳೆಯ ತಂತ್ರಾಂಶಕ್ಕೆ ಪರಿವರ್ತಿಸಿದರೆ ಒತ್ತಕ್ಷರ, ಅರ್ಕಾವತ್ತು ಒಡೆಯುತ್ತವೆ. ಕರಡಚ್ಚಿನಲ್ಲಿ ಮೊದಲು ‘ಕಾರ್ಯನಿರ್ವಾಹಕ’ದಂಥ ಪದಗಳನ್ನೂ ಎಲ್ಲ ಇಸವಿಗಳನ್ನೂ ನೋಡಿ, ಆಮೇಲೆ ಅಮ್ಮನಿಗೋ ಚಿಕ್ಕಪ್ಪನಿಗೋ ಗಟ್ಟಿಯಾಗಿ ಓದಿ ಹೇಳಿ. ಪಿಂಚಣಿ ಸಂಖ್ಯೆ, ಆಧಾರ್, ಬ್ಯಾಂಕ್ ವಿವರ ಇರುವ ಯಾವ ದಾಖಲೆಯ ಚಿತ್ರವೂ ಒಳಗೆ ಹೋಗಬಾರದು. ಹಾಕಲೇಬೇಕಿದ್ದರೆ ಆ ಸಾಲು ಮುಚ್ಚಿ.

ಮಾತಾಡಿಸಿದ ಪ್ರತಿಯೊಬ್ಬರಿಗೂ ಒಂದು ಪ್ರತಿ ಹೋಗಲಿ, ಇನ್ನೊಂದನ್ನು ಹುಟ್ಟೂರಿನ ಗ್ರಂಥಾಲಯಕ್ಕೆ ಕೊಡಿ. ತಿದ್ದುಪಡಿ ಹೇಳಿ ಯಾರಾದರೂ ಫೋನ್ ಮಾಡೇ ಮಾಡುತ್ತಾರೆ. ಅದನ್ನು ಅದೇ ಮೂರು ಕಾಲಂ ಹಾಳೆಯಲ್ಲಿ ಗುರುತು ಹಾಕಿಟ್ಟರೆ ಎರಡನೇ ಮುದ್ರಣಕ್ಕೆ ಬರುತ್ತದೆ.