ಶ್ರೀನಾಥ್–ಕುಂಬ್ಳೆ ಆಟದ ಕ್ಯಾಸೆಟ್ ನನ್ನ ಕೈಗೆ ಬಂದದ್ದು

1996ರ ಅಕ್ಟೋಬರ್ 21. ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಟೈಟನ್ ಕಪ್ ಪಂದ್ಯ. ಆಸ್ಟ್ರೇಲಿಯಾದ 215 ರನ್ ಬೆನ್ನಟ್ಟಿದ್ದೆವು. ಸಚಿನ್ 88ಕ್ಕೆ ಔಟಾದರು, ನಮ್ಮದು 164ಕ್ಕೆ 8. ಅಪ್ಪ ಟಿವಿ ಆರಿಸಿ ಮಲಗಲು ಹೋದರು. ಶ್ರೀನಾಥ್ 30, ಕುಂಬ್ಳೆ 16 ಹೊಡೆದು, ಇಬ್ಬರೂ ಔಟಾಗದೆ 52 ರನ್ ಸೇರಿಸಿ ಗೆಲ್ಲಿಸಿದ್ದು ನಮಗೆ ಬೆಳಿಗ್ಗೆ ಗೊತ್ತಾಯಿತು.

ಆ 52 ರನ್ನನ್ನು ಒಂದೂ ಬಾಲ್ ಬಿಡದೆ ನೋಡಬೇಕು ಅನ್ನೋ ಆಸೆ ಹೋಗಲೇ ಇಲ್ಲ. ಹೈಲೈಟ್ಸ್‌ನಲ್ಲಿ ಬರೀ ಫೋರು, ಸಿಕ್ಸು. ಒಂದೊಂದು ರನ್ನಿಗೆ ಸ್ಟೇಡಿಯಂ ಉಸಿರು ಬಿಗಿಹಿಡಿದದ್ದು ಅದರಲ್ಲಿ ಎಲ್ಲಿ ಸಿಗುತ್ತದೆ?

ಮೊದಲ ಸಲ ಮೋಸ ಹೋದೆ. ಒಬ್ಬರು 'ಫುಲ್ ಮ್ಯಾಚ್' ಅಂತ ಡಿವಿಡಿ ಕಳಿಸಿದರು. ಸಚಿನ್ ಔಟಾದ ಸ್ವಲ್ಪ ಹೊತ್ತಿಗೇ ಅದು ನಿಂತಿತು. ಕಾರಣ ಆಮೇಲೆ ಹೊಳೆಯಿತು. ಡಿವಿಡಿಗೆ ಇಳಿಸಿದ್ದು ಯಾರೋ ಟಿವಿಯಿಂದ ರೆಕಾರ್ಡ್ ಮಾಡಿಕೊಂಡ ವಿಡಿಯೊ ಕ್ಯಾಸೆಟ್‌ನಿಂದ. ಆಗ ಹೆಚ್ಚಾಗಿ ಸಿಗುತ್ತಿದ್ದದ್ದು ಇ-180 ಕ್ಯಾಸೆಟ್. ಮಾಮೂಲಿ ಸ್ಪೀಡಿನಲ್ಲಿ ಮೂರೇ ಗಂಟೆ. 50 ಓವರ್ ಮುಗಿಯಲು ಮೂರೂವರೆ ಗಂಟೆ ಬೇಕು. ಅಂದರೆ ಆಟದ ಕೊನೆ ಇರುವುದು ಮುಂದಿನ ಕ್ಯಾಸೆಟ್‌ನಲ್ಲಿ. ಕಳೆದುಹೋಗುವುದೂ ಅದೇ.

ಎರಡನೇ ಸಲ ಮೈಸೂರಿನ ಹಿರಿಯರೊಬ್ಬರ ಪರಿಚಯವಾಯಿತು. ನಿವೃತ್ತ ಬ್ಯಾಂಕ್ ನೌಕರರು, ಕಪಾಟು ತುಂಬ ಕ್ಯಾಸೆಟ್. ಫೋನಿನಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ, "ಸಾರ್, ಕೊನೇ ಬಾಲ್ ಇದೆಯಾ?" ಎರಡನೆಯದು, "ಆ್ಯಡ್ ಬಂದಾಗ ಪಾಸ್ ಒತ್ತಿ ರೆಕಾರ್ಡಿಂಗ್ ನಿಲ್ಲಿಸ್ತಿದ್ರಾ?" ಪಾಸ್ ಒತ್ತುವವರ ಕ್ಯಾಸೆಟ್‌ನಲ್ಲಿ ಓವರಿನ ಮೊದಲ ಬಾಲ್ ಎಷ್ಟೋ ಸಲ ಇರುವುದಿಲ್ಲ. "ಇಲ್ಲಪ್ಪ, ಹಾಕಿ ಬಿಟ್ಟುಬಿಡ್ತಿದ್ದೆ," ಅಂದರು. ಅಲ್ಲೇ ಅರ್ಧ ನಿರ್ಧಾರವಾಯಿತು.

ಹೋಗಿ ನೋಡದೆ ದುಡ್ಡು ಕೊಡಬೇಡಿ. ಕ್ಯಾಸೆಟ್ಟಿನ ಕಿಟಕಿಗೆ ಟಾರ್ಚ್ ಹಿಡಿಯಿರಿ. ಸುತ್ತಿದ ಟೇಪಿನ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದು ಬೂಷ್ಟು. ಅದನ್ನು ಕ್ಯಾಸೆಟ್ ಓಡಿಸುವ ವಿಸಿಆರ್‌ಗೆ ಹಾಕಿದರೆ ಟೇಪ್ ಓದುವ ಹೆಡ್ಡಿಗೆ ಅಂಟುತ್ತದೆ, ಅಲ್ಲಿಂದ ಒಳ್ಳೆಯ ಕ್ಯಾಸೆಟ್ಟಿಗೂ ದಾಟುತ್ತದೆ. ಆಮೇಲೆ ಹಿಂದಿನ ಅಂಚಿನ ಚಿಕ್ಕ ಪ್ಲಾಸ್ಟಿಕ್ ಚೂರು ನೋಡಿ. ಅದನ್ನು ಮುರಿದಿದ್ದರೆ ಖುಷಿಪಡಿ. ಮೇಲೆ ಬೇರೇನೂ ರೆಕಾರ್ಡ್ ಆಗದಿರಲಿ ಅಂತ ಮುರಿಯುತ್ತಿದ್ದರು. ಇವರು ಈ ಪಂದ್ಯದ ಮೂರೂ ಕ್ಯಾಸೆಟ್ಟಿಗೆ ಮುರಿದಿದ್ದರು.

ಅವರದೇ ವಿಸಿಆರ್‌ನಲ್ಲಿ ಮೂರನೇ ಕ್ಯಾಸೆಟ್ ಹಾಕಿಸಿದೆ. ರೆಕಾರ್ಡ್ ಮಾಡಿದ ಮೆಷಿನ್‌ನಲ್ಲೇ ಚಿತ್ರ ಜಾಸ್ತಿ ಸರಿಯಾಗಿ ಕೂರುತ್ತದೆ. ಅಡಿಯಲ್ಲಿ ಒಂದಿಷ್ಟು ಗೆರೆ ಇದ್ದವು, ಚಿತ್ರ ಸರಿಪಡಿಸುವ ಟ್ರ್ಯಾಕಿಂಗ್ ಗುಂಡಿ ತಿರುಗಿಸಿದ ಮೇಲೆ ಹೋದವು. ಗ್ಯಾಲರಿಯಲ್ಲಿ ಕುಂಬ್ಳೆಯವರ ಅಮ್ಮ, ಅಜ್ಜಿ ಕಂಡರು. ನನಗೆ ಗಂಟಲು ಕಟ್ಟಿತು. ಹಿರಿಯರೂ ಮಾತಾಡಲಿಲ್ಲ.

ಮೂರಕ್ಕೂ ಸೇರಿ 1,500 ರೂಪಾಯಿ ಕೊಟ್ಟೆ. ಚೌಕಾಸಿ ಮಾಡಲು ಮನಸ್ಸು ಬರಲಿಲ್ಲ. ನಾನು ಕೊಂಡದ್ದು ಮೂಲ ಕ್ಯಾಸೆಟ್. ಕಾಪಿ ಮಾಡಿದಾಗಲೆಲ್ಲ ಚಿತ್ರ ಮಸುಕಾಗುತ್ತದೆ. ಪ್ರಸಾರದ ಹಕ್ಕು ಬೇರೆಯವರದು, ಹಾಗಾಗಿ ಕಾಪಿ ಮಾಡಿ ಮಾರುವುದೂ ತಪ್ಪು.

ಕಂಪ್ಯೂಟರಿಗೆ ಇಳಿಸುವ ಮೊದಲು ಪ್ರತಿ ಕ್ಯಾಸೆಟ್ಟನ್ನೂ ಒಮ್ಮೆ ಕೊನೆವರೆಗೆ ಓಡಿಸಿ ರಿವೈಂಡ್ ಮಾಡಿದೆ. ವರ್ಷಗಟ್ಟಲೆ ಕೂತ ಟೇಪ್ ಸಡಿಲವಾಗಬೇಕು. 720 x 576 ಪಿಕ್ಸೆಲ್ ಅಳತೆಯಲ್ಲಿ ಇಳಿಸಿದೆ. ಅದಕ್ಕಿಂತ ದೊಡ್ಡದು ಮಾಡಿದರೆ ಫೈಲ್ ಊದುತ್ತದೆ, ಚಿತ್ರ ಹೆಚ್ಚು ಸ್ಪಷ್ಟವಾಗುವುದಿಲ್ಲ. ಆ್ಯಡ್‌ಗಳನ್ನು ಕತ್ತರಿಸಲಿಲ್ಲ. ಆ ರಾತ್ರಿಯ ಭಾಗ ಅಲ್ವಾ ಅವೂ? ಅಪ್ಪ ಪೂರ್ತಿ ಕೂತು ನೋಡಿದರು. 48.5 ಓವರಿಗೆ ಆಟ ಮುಗಿದಾಗ, "ಇನ್ನೊಂದು ಸಲ ಹಾಕು," ಅಂದರು.

ಹಿರಿಯರ ಕಪಾಟಿನಲ್ಲಿ ಅದೇ ವರ್ಷದ ಮಾರ್ಚ್ 9ರ ಪಾಕಿಸ್ತಾನ ಪಂದ್ಯವೂ ಇದೆ. ವೆಂಕಟೇಶ್ ಪ್ರಸಾದ್ ಅವರು ಪಾಕಿಸ್ತಾನದ ಬ್ಯಾಟರ್ ಆಮಿರ್ ಸೋಹೈಲ್ ಸ್ಟಂಪ್ ಹಾರಿಸಿದ ಕ್ಯಾಸೆಟ್ಟಿಗೇ ಬೂಷ್ಟು ಹಿಡಿದಿದೆ. ಸರಿಯಾಗಿ ಕ್ಲೀನ್ ಮಾಡುವವರು ಸಿಗುವವರೆಗೆ ದಯವಿಟ್ಟು ಅದನ್ನು ಹಾಕಬೇಡಿ ಅಂತ ಕೈಮುಗಿದು ಬಂದಿದ್ದೇನೆ.